ಖಾಲಿ ಪಟ್ಟಿಗೂ ಒಂದು ಅರ್ಥ ಬರೆಯಬೇಕು

ಕಳೆದ ಮೂರು ವಾರಗಳಿಂದ ನಾನು ಒಂದೇ ಒಂದು ಟೂಲಿಗೆ ವಿವರಣೆ ಬರೆಯುತ್ತಿದ್ದೇನೆ. ಗ್ರಾಹಕರ ಹಳೆಯ ಷೇರು ವಹಿವಾಟುಗಳನ್ನು ಹುಡುಕಿಕೊಡುವ ಈ ಟೂಲನ್ನು ಬಳಸುವುದು ಮನುಷ್ಯರಲ್ಲ, ಎಐ ಏಜೆಂಟ್. ಗ್ರಾಹಕರು "ಹೋದ ವರ್ಷ ಈ ಷೇರನ್ನು ಎಷ್ಟಕ್ಕೆ ಕೊಂಡಿದ್ದೆ?" ಎಂದು ಆಡುಮಾತಿನಲ್ಲೇ ಕೇಳುತ್ತಾರೆ, ಏಜೆಂಟ್ ಆ ಮಾತಿನಿಂದ ಷೇರಿನ ಸಂಕೇತ, ಆರಂಭದ ದಿನಾಂಕ ಮತ್ತು ಕೊನೆಯ ದಿನಾಂಕಗಳನ್ನು ಹೆಕ್ಕಿ ಟೂಲಿಗೆ ಒಪ್ಪಿಸಿ, ಬಂದ ಪಟ್ಟಿಯನ್ನು ಓದಿ ಉತ್ತರ ಕೊಡುತ್ತದೆ. ಇಲ್ಲಿ ಮೊದಲ ತೊಡಕು "ಹೋದ ವರ್ಷ" ಎಂಬುದರಲ್ಲೇ ಇದೆ. ತೆರಿಗೆಯ ಲೆಕ್ಕ ಮಾಡುವವರಿಗೆ ವರ್ಷವೆಂದರೆ ಏಪ್ರಿಲ್ 1ರಿಂದ ಮಾರ್ಚ್ 31, ಉಳಿದವರಿಗೆ ಜನವರಿಯಿಂದ ಡಿಸೆಂಬರ್. ಆದ್ದರಿಂದ ಸಂದೇಹವಿದ್ದರೆ ಗ್ರಾಹಕರನ್ನೇ ಕೇಳಬೇಕೆಂದು ವಿವರಣೆಯಲ್ಲಿ ಬರೆದೆ.

ಆಂಥ್ರೋಪಿಕ್ ಸಂಸ್ಥೆ 2024ರ ನವೆಂಬರಿನಲ್ಲಿ ಪ್ರಕಟಿಸಿದ, ಎಐಯನ್ನು ಹೊರಗಿನ ಟೂಲುಗಳಿಗೆ ಜೋಡಿಸುವ ನಿಯಮಾವಳಿಯಾದ ಮಾಡೆಲ್ ಕಾಂಟೆಕ್ಸ್ಟ್ ಪ್ರೋಟೊಕಾಲ್‌ನಲ್ಲಿ ಟೂಲಿಗೆ ಒಂದು ಹೆಸರು, ಒಂದು ವಿವರಣೆ ಮತ್ತು ಅದು ಕೇಳುವ ಮಾಹಿತಿಯ ನಮೂನೆ ಇರುತ್ತವೆ. ಏಜೆಂಟಿನ ಕಣ್ಣಿಗೆ ಬೀಳುವುದು ಅಷ್ಟೇ. ಎಪಿಐ (ಒಂದು ತಂತ್ರಾಂಶ ಇನ್ನೊಂದನ್ನು ಬಳಸುವ ವಿಧಾನ) ಪುಟವನ್ನು ಓದುವ ಪ್ರೋಗ್ರಾಮರ್ ಅನುಮಾನ ಬಂದರೆ ನಾಲ್ಕು ಸಲ ಓಡಿಸಿ ನೋಡುತ್ತಾನೆ, ಪಕ್ಕದ ಮೇಜಿನವರನ್ನು ವಿಚಾರಿಸುತ್ತಾನೆ. ಏಜೆಂಟಿಗೆ ಆ ಪಕ್ಕದ ಮೇಜು ಇಲ್ಲ, ನಾನು ಬರೆಯದೆ ಬಿಟ್ಟದ್ದನ್ನು ಅದು ತಾನೇ ಊಹಿಸಿ ತುಂಬಿಕೊಳ್ಳುತ್ತದೆ.

ನನ್ನ ಮೊದಲ ವಿವರಣೆ ಒಂದೇ ಸಾಲಿನದು: "ಗ್ರಾಹಕರ ವಹಿವಾಟಿನ ಇತಿಹಾಸವನ್ನು ಕೊಡುತ್ತದೆ." ಪರೀಕ್ಷೆಗೆಂದು ನನ್ನದೇ ಖಾತೆಯ ಒಂದು ಹಳೆಯ ಖರೀದಿಯ ಬಗ್ಗೆ ಕೇಳಿದಾಗ, "ನೀವು ಈ ಷೇರನ್ನು ಎಂದೂ ಕೊಂಡಿಲ್ಲ" ಎಂದು ಏಜೆಂಟ್ ಖಚಿತವಾಗಿ ಹೇಳಿತು. ಕೊಂಡಿದ್ದೆ, ಅದರಲ್ಲಿ ನಷ್ಟವನ್ನೂ ಅನುಭವಿಸಿದ್ದೆ. ದಿನಾಂಕಗಳನ್ನು ಕೊಡದಿದ್ದರೆ ಕೊನೆಯ 90 ದಿನಗಳನ್ನಷ್ಟೇ ಹುಡುಕುವಂತೆ ನಾವು ಟೂಲನ್ನು ಕಟ್ಟಿದ್ದೆವು. ಪಟ್ಟಿ ಖಾಲಿ ಬಂತು, ಏಜೆಂಟ್ ಆ ಖಾಲಿಯನ್ನು "ಇಲ್ಲ" ಎಂದು ಓದಿಕೊಂಡಿತು. ಈಗ ವಿವರಣೆಯ ಮೊದಲ ಭಾಗದಲ್ಲೇ ಹೀಗಿದೆ: "ಖಾಲಿ ಪಟ್ಟಿ ಬಂದರೆ, ಹುಡುಕಿದ ಅವಧಿಯಲ್ಲಿ ವಹಿವಾಟು ಇಲ್ಲವೆಂದಷ್ಟೇ ಅರ್ಥ. ಉತ್ತರದಲ್ಲಿ ಆ ಅವಧಿಯನ್ನು ತಿಳಿಸಿ." ಇದರ ಜೊತೆಗೆ, ಹುಡುಕಿದ ಅವಧಿ ಯಾವುದೆಂದು ಪ್ರತಿ ಉತ್ತರದಲ್ಲೂ ಟೂಲೇ ವಾಪಸು ಹೇಳುವಂತೆ ಮಾಡಿಸಿದೆ, ಏಕೆಂದರೆ ವಿವರಣೆಯೊಂದನ್ನೇ ನಂಬಿ ಕೂರುವ ಧೈರ್ಯ ನನಗಿರಲಿಲ್ಲ.

ಆರ್ಡರ್ (ಕೊಳ್ಳಲು ಅಥವಾ ಮಾರಲು ಕೊಟ್ಟ ಸೂಚನೆ) ಮತ್ತು ಟ್ರೇಡ್ (ಮಾರುಕಟ್ಟೆಯಲ್ಲಿ ನಿಜಕ್ಕೂ ನಡೆದ ವಹಿವಾಟು) ಬೇರೆ ಬೇರೆ ಎಂಬುದು ಈ ಕೆಲಸದಲ್ಲಿರುವವರಿಗೆ ಹೇಳಬೇಕಾಗಿಲ್ಲದ ಸಂಗತಿ, ಹಾಗಾಗಿಯೇ ಯಾರೂ ಅದನ್ನು ಬರೆದಿಡುವುದಿಲ್ಲ. 500 ಷೇರುಗಳಿಗೆ ಹಾಕಿದ ಒಂದು ಆರ್ಡರ್ ಮಾರುಕಟ್ಟೆಯಲ್ಲಿ 412.50ಕ್ಕೆ 180, 412.60ಕ್ಕೆ 220, 412.80ಕ್ಕೆ 100 ಹೀಗೆ ಮೂರು ತುಂಡಾಗಿ ಪೂರ್ಣಗೊಂಡಿತ್ತೆನ್ನಿ. ಪಟ್ಟಿಯಲ್ಲಿ ಬರುವುದು ಮೂರು ಟ್ರೇಡ್, ಮೂರಕ್ಕೂ ಆರ್ಡರ್ ಸಂಖ್ಯೆ ಒಂದೇ. ಏಜೆಂಟ್ ಇದನ್ನು "ಮೂರು ಸಲ ಕೊಂಡಿದ್ದೀರಿ" ಎಂದು ವರದಿ ಮಾಡಿ, ಮೂರು ಬೆಲೆಗಳನ್ನು ಕೂಡಿ ಮೂರರಿಂದ ಭಾಗಿಸಿ 412.63 ಎಂದಿತು. ಷೇರುಗಳ ಸಂಖ್ಯೆಯಿಂದ ಗುಣಿಸಿ ತೆಗೆದರೆ ಸರಿಯಾದ ಸರಾಸರಿ 412.604. ವ್ಯತ್ಯಾಸ ಮೂರು ಪೈಸೆಗೂ ಕಡಿಮೆ ನಿಜ, ಆದರೆ ಗ್ರಾಹಕರು ಬ್ರೋಕರ್ ಕಳಿಸುವ ವಹಿವಾಟಿನ ದಾಖಲೆಯಾದ ಕಾಂಟ್ರಾಕ್ಟ್ ನೋಟ್ ತೆಗೆದು ಪಕ್ಕದಲ್ಲಿಟ್ಟು ನೋಡಿದರೆ ನಂಬಿಕೆ ಹೋಗುವುದು ಮೂರು ಪೈಸೆಯಷ್ಟಲ್ಲ. ಕೊನೆಗೆ ಆ ಲೆಕ್ಕವನ್ನೇ ಏಜೆಂಟಿನ ಕೈಯಿಂದ ತೆಗೆದು, ಆರ್ಡರ್‌ವಾರು ಸರಾಸರಿಯನ್ನು ಟೂಲೇ ಕೊಡುವಂತೆ ಮಾಡಿದೆವು.

ಸಮಯದ್ದು ಚಿಕ್ಕ ವಿಷಯ. ಬೆಳಿಗ್ಗೆ 9:16ರ ಟ್ರೇಡ್ ಯುಟಿಸಿಯಲ್ಲಿ (ಜಾಗತಿಕ ಪ್ರಮಾಣ ಸಮಯದಲ್ಲಿ) 3:46 ಆಗುತ್ತದೆ, ನಸುಕಿನಲ್ಲಿ ಷೇರು ಕೊಂಡಿರೆಂದು ಉತ್ತರ ಬರುತ್ತದೆ. ಭಾರತೀಯ ಕಾಲಮಾನವನ್ನೇ ಕಳಿಸಿದರೆ ಮುಗಿಯಿತು. ಮಾರುಕಟ್ಟೆಯ ಮಾಮೂಲಿ ಹೊತ್ತಾದ ಬೆಳಿಗ್ಗೆ 9:15ರಿಂದ ಮಧ್ಯಾಹ್ನ 3:30ರ ಹೊರಗಿನ ಟ್ರೇಡ್ ತಪ್ಪೆಂದು ತಿಳಿಯಬೇಕೆಂದು ಸಹೋದ್ಯೋಗಿಯೊಬ್ಬರು ಸೇರಿಸಿದ್ದ ಸಾಲನ್ನು ಮಾತ್ರ ನಾನು ಹೊಡೆದುಹಾಕಿದೆ. ದೀಪಾವಳಿಯ ಮುಹೂರ್ತ ವಹಿವಾಟು ಸಂಜೆ ನಡೆದದ್ದುಂಟು.

ಇನ್ನೂ ತೃಪ್ತಿಯಾಗದೆ ಉಳಿದಿರುವುದು ಬೋನಸ್ ಷೇರುಗಳ ಭಾಗ. ರಿಲಯನ್ಸ್ 2024ರ ಅಕ್ಟೋಬರಿನಲ್ಲಿ ಒಂದಕ್ಕೊಂದು ಬೋನಸ್ ಕೊಟ್ಟಿತು, ಅಂದರೆ ಇದ್ದ ಪ್ರತಿ ಷೇರಿಗೆ ಇನ್ನೊಂದು ಷೇರು ಉಚಿತ. ಅದಕ್ಕೆ ಮುಂಚೆ 10 ಷೇರು ಕೊಂಡು ಹಾಗೆಯೇ ಇಟ್ಟುಕೊಂಡವರ ಡಿಮ್ಯಾಟ್ ಖಾತೆಯಲ್ಲಿ ಈಗ 20 ಇರುತ್ತವೆ, ವಹಿವಾಟಿನ ಇತಿಹಾಸದಲ್ಲಿ ಮಾತ್ರ ಖರೀದಿ 10ರದ್ದೇ, ಏಕೆಂದರೆ ಬೋನಸ್ ಬಂದದ್ದು ಮಾರುಕಟ್ಟೆಯ ಮೂಲಕವಲ್ಲ. ಉಡುಗೊರೆಯಾಗಿ ಬಂದ ಷೇರು, ಬೇರೆ ಖಾತೆಯಿಂದ ವರ್ಗಾಯಿಸಿಕೊಂಡ ಷೇರು ಇವೂ ಅಷ್ಟೇ. "ಈ ಟೂಲಿನಿಂದ ಸದ್ಯದ ಷೇರುಗಳ ಸಂಖ್ಯೆಯನ್ನು ಲೆಕ್ಕ ಹಾಕಬೇಡಿ, ಅದಕ್ಕೆ ಹೋಲ್ಡಿಂಗ್ಸ್ (ಖಾತೆಯಲ್ಲಿ ಸದ್ಯ ಇರುವ ಷೇರುಗಳ) ಟೂಲನ್ನು ಕೇಳಿ" ಎಂದು ಬರೆದಿದ್ದೇನೆ. ಹತ್ತು ಪ್ರಶ್ನೆಗಳನ್ನು ಬೇರೆ ಬೇರೆ ಧಾಟಿಯಲ್ಲಿ ಕೇಳಿ ನೋಡಿದಾಗ ಎಂಟರಲ್ಲಿ ಏಜೆಂಟ್ ಆ ಮಾತು ಕೇಳಿತು. ಉಳಿದ ಎರಡರಲ್ಲಿ ಮತ್ತೆ ತಾನೇ ಕೂಡಿಕೊಂಡು 10 ಎಂದಿತು. ನಾಳೆ ಆ ಸಾಲನ್ನು ಇನ್ನೂ ಮೇಲಕ್ಕೆ ತಂದು ನೋಡುತ್ತೇನೆ.