ಶನಿವಾರದ ಬರವಣಿಗೆ: ಜೂನ್‌ನಿಂದ ಇಲ್ಲಿಯವರೆಗೆ

ಗದಗ ತಾಲ್ಲೂಕಿನ ನಮ್ಮೂರಲ್ಲಿ ಗ್ರಾಮ ಪಂಚಾಯಿತಿ ಗ್ರಂಥಾಲಯ ಇದೆ. ಈಗ ಅದಕ್ಕೆ ಅರಿವು ಕೇಂದ್ರ ಅಂತ ಬೋರ್ಡು ಬಿದ್ದಿದೆ. ಶಾಲೆ ಮಕ್ಕಳಿಗೆ ಅಲ್ಲಿ ಸದಸ್ಯತ್ವ ಉಚಿತ. ಅಂಚೆ ಇಲಾಖೆಯಿಂದ ನಿವೃತ್ತನಾದ ಮೇಲೆ ನಾನು ಅಲ್ಲಿ ಶನಿವಾರ ಬೆಳಗಿನ ಶಾಲೆ ಬಿಟ್ಟ ಮೇಲೆ ಮಕ್ಕಳನ್ನು ಕೂಡಿಸಿಕೊಂಡು ಬರೆಸುತ್ತಿದ್ದೇನೆ. ಆರನೇ ಕ್ಲಾಸಿನಿಂದ ಒಂಬತ್ತನೇ ಕ್ಲಾಸಿನವರು ಬರುತ್ತಾರೆ. ನಾನು ಮೇಷ್ಟ್ರಲ್ಲ, ಹಾಗಾಗಿ ನನ್ನ ಹತ್ತಿರ ಸಿಲಬಸ್ ಇಲ್ಲ. ಮಾಡಿದ್ದನ್ನು ಆಗಾಗ ಬರೆದಿಟ್ಟುಕೊಂಡಿದ್ದೆ, ಅದನ್ನೇ ಇಲ್ಲಿ ಹಾಕುತ್ತಿದ್ದೇನೆ.

ಜೂನ್

ಮೊದಲ ವಾರ 'ನಿಮಗೆ ಇಷ್ಟ ಬಂದದ್ದು ಬರೀರಿ' ಅಂದೆ. ಬಂದದ್ದೆಲ್ಲ ಪರಿಸರ ಮಾಲಿನ್ಯ, ಗ್ರಂಥಾಲಯದ ಮಹತ್ವ, ರಾಷ್ಟ್ರೀಯ ಹಬ್ಬಗಳು. ಪೀಠಿಕೆ, ವಿಷಯ ನಿರೂಪಣೆ, ಉಪಸಂಹಾರ ಅಂತ ಮೂರು ತಲೆಬರಹ ಹಾಕಿ, ಅಡಿಗೆರೆ ಎಳೆದು, ನೀಟಾಗಿ. ಅಕ್ಷರ ಚೆನ್ನಾಗಿದ್ದವು. ಆದರೆ ಗ್ರಂಥಾಲಯದೊಳಗೇ ಕೂತು ಗ್ರಂಥಾಲಯದ ಬಗ್ಗೆ ಬರೆದ ಹುಡುಗನ ಪ್ರಬಂಧದಲ್ಲಿ ಈ ಕೋಣೆಯ ಒಂದು ಕುರ್ಚಿಯೂ ಇರಲಿಲ್ಲ!

ಮಕ್ಕಳಿಗೆ ಬರೆಯೋಕೆ ಬರೋದಿಲ್ಲ ಅಂತ ನನಗೆ ಅನಿಸಲಿಲ್ಲ. ಯಾರಿಗೆ ಬರೆಯುತ್ತಿದ್ದೇವೆ ಅನ್ನೋದು ಅವರಿಗೆ ಗೊತ್ತಿರಲಿಲ್ಲ, ಅಷ್ಟೇ. ಪರೀಕ್ಷೆ ಪೇಪರ್ ನೋಡುವವರಿಗೆ ಬರೆದು ರೂಢಿ. ಅವರು ಓದುತ್ತಾರೆ, ನಿಜ, ಆದರೆ ಅವರಿಗೆ ಆ ವಿಷಯ ಮೊದಲೇ ಗೊತ್ತಿರುತ್ತದೆ. ನಾನು ಕೆಲಸದಲ್ಲಿದ್ದಾಗ ನಾಲ್ಕನೇ ಕ್ಲಾಸ್ ಓದಿದ ಅಜ್ಜಿಯರು ಮಗನಿಗೆ ಬರೆದ ಕಾರ್ಡು ನೋಡಿದ್ದೇನೆ. ಪೀಠಿಕೆ ಗೀಠಿಕೆ ಏನೂ ಇರೋದಿಲ್ಲ. ದುಡ್ಡು ಮುಟ್ಟಿತು, ಎಮ್ಮೆ ಈದಿತು, ಯಾವಾಗ ಬರ್ತಿ. ಅದಕ್ಕೇ ಈ ವರ್ಷ ಒಂದೇ ನಿಯಮ: ಓದುವವರು ಇಲ್ಲದ ಬರಹ ಬರೆಸೋದಿಲ್ಲ.

ಜುಲೈ: ಗಿರ್ಮಿಟ್

ಇಲ್ಲಿಯವರೆಗೆ ಹೆಚ್ಚು ಕೆಲಸಕ್ಕೆ ಬಂದದ್ದು ಇದು. ಗಿರ್ಮಿಟ್ ಮಾಡುವುದು ಹೇಗೆ ಅಂತ ಬರೆಯಬೇಕು. ಬರೆದದ್ದನ್ನು ನೋಡಿಕೊಂಡು ನಾನು ಅವರ ಮುಂದೆಯೇ ಮಾಡುತ್ತೇನೆ. ಕಾಗದದಲ್ಲಿ ಇದ್ದದ್ದು ಮಾತ್ರ ಮಾಡುವುದು, ಇಲ್ಲದ್ದು ಮಾಡುವುದಿಲ್ಲ. ಗ್ರಂಥಾಲಯದಲ್ಲಿ ಒಲೆ ಹಚ್ಚುವಂತಿಲ್ಲ. ಹಾಗಾಗಿ ಉಳ್ಳಾಗಡ್ಡಿ, ಹುಣಸೆಹಣ್ಣು, ಬೆಲ್ಲ, ಅರಿಶಿಣ ಹಾಕಿದ ಒಗ್ಗರಣೆಯನ್ನು ನಮ್ಮ ಮನೆಯವರು ಡಬ್ಬಿಯಲ್ಲಿ ಕಳಿಸಿದ್ದರು. ಚುರುಮುರಿ, ಪುಟಾಣಿ ಹಿಟ್ಟು, ಕೊತ್ತಂಬರಿ, ಸೇವು ಎಲ್ಲ ಟೇಬಲ್ ಮೇಲೆ.

ಮೊದಲ ಕಾಗದದಲ್ಲಿ 'ಚುರುಮುರಿ ಹಾಕಿ' ಅಂತ ಇತ್ತು. ಯಾವುದರಲ್ಲಿ ಅಂತ ಇರಲಿಲ್ಲ. ಹಾಸಿದ್ದ ಪೇಪರ್ ಮೇಲೆಯೇ ಸುರಿದೆ. 'ಉಳ್ಳಾಗಡ್ಡಿ ಹಾಕಿ' ಅಂತಿತ್ತು. ಸಿಪ್ಪೆ ಸಮೇತ ಇಡೀ ಉಳ್ಳಾಗಡ್ಡಿ ಎತ್ತಿ ಇಟ್ಟೆ. 'ಅಜ್ಜಾರ, ಸಿಪ್ಪಿ ತಗೀರಿ!' ಅಂತ ಒಬ್ಬಳು ಕೂಗಿದಳು. 'ಎಲ್ಲಿ ಬರದೀ, ತೋರ್ಸು' ಅಂದೆ. 'ಒಗ್ಗರಣೆ ಹಾಕಿ ಕಲಸಿ' ಅಂತಿತ್ತು. ಡಬ್ಬಿ ಪೂರ್ತಿ ಮಗುಚಿದೆ. ಚುರುಮುರಿ ಎಲ್ಲ ಮೆತ್ತಗಾಗಿ ಗಂಜಿಯಾಯ್ತು. ಹೊಟ್ಟೆ ಹಿಡಿದುಕೊಂಡು ನಕ್ಕರು. ಆಮೇಲೆ ಯಾರೂ ಹೇಳದೆ ತಮ್ಮ ತಮ್ಮ ಕಾಗದ ತೆಗೆದು ತಿದ್ದೋಕೆ ಕೂತರು. ಒಮ್ಮೆ ಬರೆದದ್ದನ್ನು ಮತ್ತೆ ನೋಡಿ ಅಂದರೆ ಮುಖ ಸಿಂಡರಿಸುವ ಮಕ್ಕಳು ಇವರೇ.

ಎರಡನೇ ಸಲದ ಬರಹದಲ್ಲಿ 'ಅಗಲವಾದ ಬೋಗುಣಿ', 'ಸಣ್ಣಗೆ ಹೆಚ್ಚಿದ', 'ಎರಡು ಚಮಚ ಹಾಕಿ ರುಚಿ ನೋಡಿ' ಎಲ್ಲ ಬಂತು. ಏಳನೇ ಕ್ಲಾಸಿನ ಒಬ್ಬ ಹುಡುಗಿ ಇನ್ನೊಂದು ಹೆಜ್ಜೆ ಮುಂದೆ ಹೋಗಿದ್ದಳು: 'ತಿನ್ನುವವರು ಕುಂತ ಮೇಲೆ ಕಲಸಬೇಕು, ಮೊದಲೇ ಕಲಸಿದರೆ ಮೆತ್ತಗಾಗುತ್ತದೆ.' ಯಾಕೆ ಅನ್ನೋದನ್ನು ಬರೆದವಳು ಅವಳೊಬ್ಬಳೇ. ಆ ವಾರದ ಗಿರ್ಮಿಟ್ ಅವಳ ಕಾಗದದ ಪ್ರಕಾರವೇ ಆಯ್ತು. ಚೆನ್ನಾಗಿತ್ತು, ಉಪ್ಪು ಸ್ವಲ್ಪ ಕಮ್ಮಿ.

ಆಗಸ್ಟ್: ಲಕ್ಕುಂಡಿ

ದಾರಿ ಹೇಳುವ ಬರಹ. ಒಂದು ಗುಂಪು ಮೊದಲೇ ಹೋಗಿ ಬಸ್ ಸ್ಟ್ಯಾಂಡಿನಿಂದ ಮುಸುಕಿನ ಬಾವಿಗೆ ಹೋಗುವ ದಾರಿ ಬರೆಯಿತು. ಇನ್ನೊಂದು ಗುಂಪು ಆ ಚೀಟಿ ಹಿಡಿದು ಯಾರನ್ನೂ ಕೇಳದೆ ಹೋಗಬೇಕು. 'ಎಮ್ಮೆ ಕಟ್ಟಿದ ಮನೆ ಹತ್ತಿರ ಎಡಕ್ಕೆ' ಅಂತ ಬರೆದಿದ್ದರು. ಎರಡನೇ ಗುಂಪು ಹೋಗುವಷ್ಟರಲ್ಲಿ ಎಮ್ಮೆ ಮೇಯೋಕೆ ಹೋಗಿತ್ತು. ನಡೆದಾಡದ ಗುರುತು ಹಿಡಿಯಬೇಕು ಅಂತ ಅವರವರೇ ಜಗಳಾಡಿ ತೀರ್ಮಾನ ಮಾಡಿಕೊಂಡರು. ಬಾವಿ ಸಿಕ್ಕಿದ್ದು ತಡವಾಗಿ. ಮಾಣಿಕೇಶ್ವರ ಗುಡಿಯ ಪಕ್ಕದ ಆ ಮೆಟ್ಟಿಲುಗಳಲ್ಲಿ ಕೂತು ಬುತ್ತಿ ಬಿಚ್ಚಿದೆವು.

ಕಾಶಿವಿಶ್ವೇಶ್ವರ ಗುಡಿಯಲ್ಲಿ ಇನ್ನೊಂದು ಕೆಲಸ ಕೊಟ್ಟೆ. 'ಸುಂದರ', 'ಅದ್ಭುತ', 'ಮನಮೋಹಕ' ಈ ಮೂರು ಪದ ಬಿಟ್ಟು ಬರೆಯಬೇಕು. ಮೊದಲು ಪೆನ್ನೇ ಓಡಲಿಲ್ಲ. ಆಮೇಲೆ ಕಣ್ಣು ಓಡತೊಡಗಿತು. ಅಲ್ಲಿ ಶಿವನ ಗುಡಿ, ಸೂರ್ಯನ ಗುಡಿ ಎದುರುಬದುರು ಇವೆ. ಒಬ್ಬ ಬರೆದ: 'ಎರಡೂ ಗುಡಿ ಕಟ್ಟಿ ಮ್ಯಾಲ ಮಾತಾಡಾಕ ಕುಂತಂಗ ಅದಾವ.'

ಬ್ರಹ್ಮ ಜಿನಾಲಯದ ಹತ್ತಿರ ಅದನ್ನು ಕಟ್ಟಿಸಿದ ಅತ್ತಿಮಬ್ಬೆಯ ವಿಷಯ ಹೇಳಿದೆ. 1007ರ ಶಾಸನ, ಆಕೆ ಹಂಚಿದ ಪೊನ್ನ ಕವಿಯ ಶಾಂತಿಪುರಾಣದ ಸಾವಿರ ಪ್ರತಿಗಳು, ಅಚ್ಚಿನ ಯಂತ್ರ ಇಲ್ಲದ ಕಾಲ, ಎಲ್ಲ ಓಲೆಗರಿಯ ಮೇಲೆ ಕೈಬರಹ. ಎರಡನೇ ಸಲ ನೀಟಾಗಿ ಬರೆಯಿರಿ ಅಂದರೆ ಕೈ ನೋವು ಅನ್ನುವವರಿಗೆ ಇದು ನಾಟಲಿ ಅಂತ ನನ್ನ ಲೆಕ್ಕ. ಎಂಟನೇ ಕ್ಲಾಸಿನವನೊಬ್ಬ ಕೈ ಎತ್ತಿದ: 'ಅಜ್ಜಾರ, ಆಕಿ ಬರೀಲಿಲ್ರಿ, ಬರಸಿದ್ಲು.' ಅವನ ಮಾತಿಗೆ ನನ್ನ ಹತ್ತಿರ ಉತ್ತರ ಇರಲಿಲ್ಲ.

ಸೆಪ್ಟೆಂಬರ್, ಅಕ್ಟೋಬರ್

ಶಾಲೆ ಪರೀಕ್ಷೆ, ದಸರಾ ರಜೆ, ಹೊಲದ ಕೆಲಸ. ಹೇಳಿಕೊಳ್ಳುವಂಥದ್ದು ಏನೂ ಆಗಲಿಲ್ಲ. ತಿದ್ದುವ ರೀತಿ ಮಾತ್ರ ಒಂದು ಹದಕ್ಕೆ ಬಂತು. ಕೆಂಪು ಪೆನ್ನು ಬಿಟ್ಟಿದ್ದೇನೆ. ಪೆನ್ಸಿಲ್‌ನಲ್ಲಿ ಅಂಚಿಗೆ ಒಂದೇ ಪ್ರಶ್ನೆ ಬರೆಯುತ್ತೇನೆ, 'ಆಮೇಲೆ ಅವ್ವ ಏನಂದಳು?' ಅನ್ನುವಂಥದ್ದು. ಕಾಗುಣಿತದಲ್ಲಿ ತಿಂಗಳಿಗೆ ಒಂದೇ ಜಾತಿಯ ತಪ್ಪು ಹಿಡಿಯುವುದು. ಒಂದು ತಿಂಗಳು ಒತ್ತಕ್ಷರ, ಮುಂದಿನ ತಿಂಗಳು ಮಹಾಪ್ರಾಣ. ಎಲ್ಲ ಒಟ್ಟಿಗೆ ಹಿಡಿದರೆ ಹುಡುಗರು ತಪ್ಪಾಗದ ಪದಗಳನ್ನಷ್ಟೇ ಬರೆಯುತ್ತಾರೆ. ಆಗ ಬರಹ ಮತ್ತೆ ಪರಿಸರ ಮಾಲಿನ್ಯಕ್ಕೇ ಹೋಗುತ್ತದೆ.

ಮೊದಲ ಕರಡು ಮನೆಮಾತಿನಲ್ಲಿ ಇರಲಿ ಅಂತಲೂ ಹೇಳಿದ್ದೇನೆ. 'ನಮ್ಮ ಎಮ್ಮಿ ನಾ ಕರದ್ರ ಅಷ್ಟ ಬರತೈತಿ. ಅಪ್ಪ ಕರದ್ರ ಕಿವಿ ಅಲ್ಲಾಡಿಸಿ ಸುಮ್ಮನ ನಿಂದರತೈತಿ.' ಇದನ್ನು ಬರೆದ ಹುಡುಗಿಯೇ ಜೂನ್‌ನಲ್ಲಿ 'ಎಮ್ಮೆಯು ಒಂದು ಸಾಕುಪ್ರಾಣಿ' ಅಂತ ಬರೆದಿದ್ದಳು. ಪುಸ್ತಕದ ಭಾಷೆಗೆ ತರುವುದು ಎರಡನೇ ಕರಡಿನ ಕೆಲಸ. ಒಬ್ಬರ ತಂದೆ ಬಂದು ಕೇಳಿದರು, 'ಇದರಿಂದ ಮಾರ್ಕ್ಸ್ ಬರ್ತಾವೇನ್ರಿ?' ಹತ್ತನೇ ಪರೀಕ್ಷೆಯಲ್ಲಿ ಪತ್ರ ಇದೆ, ಪ್ರಬಂಧ ಇದೆ, ಎರಡನ್ನೂ ಸ್ವಂತವಾಗಿ ಬರೆಯುವವರಿಗೆ ಗೈಡ್ ಬೇಕಾಗೋದಿಲ್ಲ ಅಂದೆ. ಅವರಿಗೆ ಪೂರ್ತಿ ಒಪ್ಪಿಗೆಯಾದಂತೆ ಕಾಣಲಿಲ್ಲ. ಮಗನನ್ನು ಬಿಡಿಸಲಿಲ್ಲ, ಅದೇ ಸಾಕು.

ನವೆಂಬರ್‌ನಿಂದ ಜನವರಿ: ಕಾರ್ಡು

ಬ್ಯಾಡಗಿ ಹತ್ತಿರದ ಹಳ್ಳಿಯಲ್ಲಿ ನನ್ನ ಗೆಳೆಯರೊಬ್ಬರಿದ್ದಾರೆ, ನಿವೃತ್ತ ಶಿಕ್ಷಕರು. ಅವರ ಊರಿನ ಮಕ್ಕಳಿಗೂ ನಮ್ಮವರಿಗೂ ಜೋಡಿ ಹಾಕಿದೆವು. ಮೊಬೈಲ್ ಇಲ್ಲ, ಬರೀ ಪೋಸ್ಟ್ ಕಾರ್ಡು. ಬೆಲೆ ಇವತ್ತಿಗೂ 50 ಪೈಸೆ. ಗದಗದ ಹೆಡ್ ಪೋಸ್ಟ್ ಆಫೀಸಿನಿಂದ ಕಟ್ಟು ತಂದೆ. ನಮ್ಮ ದೇಶದಲ್ಲಿ ಕಾರ್ಡು ಶುರುವಾದದ್ದು 1879ರಲ್ಲಿ, ಆಗ ಕಾಲಾಣೆ. ಈ ಕಥೆ ಹೇಳೋಕೆ ಕೂತರೆ ನಾನು ನಿಲ್ಲಿಸೋದಿಲ್ಲ ಅಂತ ಮಕ್ಕಳಿಗೆ ಗೊತ್ತಾಗಿದೆ.

ಕಾರ್ಡಿನ ಗುಣ ಅದರ ಅಳತೆಯಲ್ಲಿದೆ. ಜಾಗ ಕಮ್ಮಿ. 'ನಾನು ಕ್ಷೇಮ, ನೀವು ಕ್ಷೇಮವೆಂದು ಭಾವಿಸುತ್ತೇನೆ' ಅಂತ ಶುರು ಮಾಡಿದರೆ ಕಾಲು ಭಾಗ ಅಲ್ಲೇ ಹೋಯ್ತು. ಮೊದಲು ನೋಟ್‌ಬುಕ್ಕಿನಲ್ಲಿ ಬರೆದು, ಯಾವ ಸಾಲು ಬಿಟ್ಟರೆ ನಷ್ಟವಿಲ್ಲ ಅಂತ ಗೆರೆ ಎಳೆಯುತ್ತಾರೆ. ಇಷ್ಟು ಚೆನ್ನಾಗಿ ಕತ್ತರಿ ಹಾಕೋದನ್ನು ನನ್ನ ಪಾಠ ಯಾವುದೂ ಕಲಿಸಿರಲಿಲ್ಲ. ವಿಳಾಸಕ್ಕೆ ಒಂದು ಶನಿವಾರ ಹಿಡಿಯಿತು. 1972ರಲ್ಲಿ ಬಂದ ಪಿನ್‌ಕೋಡಿನ ಆರು ಅಂಕಿಗಳ ಲೆಕ್ಕ ಅವರಿಗೆ ಆಟವಾಯ್ತು. ಮೊದಲ ಅಂಕಿ 5 ಅಂದರೆ ಕರ್ನಾಟಕ, ಆಂಧ್ರ, ತೆಲಂಗಾಣದ ಕಡೆ. ಗದಗದ್ದು 582, ಹಾವೇರಿಯದು 581. ಕೊನೆಯ ಮೂರು ಅಂಕಿ ಬಟವಾಡೆ ಮಾಡುವ ಪೋಸ್ಟ್ ಆಫೀಸಿನದು.

ಜನವರಿಯಲ್ಲಿ ಬ್ಯಾಡಗಿ ಕಡೆಯಿಂದ ಬಂದ ಒಂದು ಕಾರ್ಡು: 'ನಮ್ಮಲ್ಲಿ ಈಗ ಮೆಣಸಿನಕಾಯಿ ಸೀಸನ್. ಬಸ್ಸಿನ್ಯಾಗ ಕಂಡಕ್ಟರ್ ಸೀನತಾನ, ಟಿಕೆಟ್ ತಗೊಳ್ಳೋರೂ ಸೀನತಾರ.' ನಮ್ಮ ಹುಡುಗ ಅದನ್ನು ಜೋರಾಗಿ ಓದಿ, ಉತ್ತರದಲ್ಲಿ ಕೇಳಿದ: 'ಬ್ಯಾಡಗಿ ಕಾಯಿ ಖಾರ ಕಮ್ಮಿ, ಬಣ್ಣ ಜಾಸ್ತಿ ಅಂತಾರ. ಮತ್ತ ಸೀನೂದ್ಯಾಕ?' ಉತ್ತರ ಇನ್ನೂ ಬಂದಿಲ್ಲ. ದಿನಾ ಪೋಸ್ಟ್‌ಮ್ಯಾನ್ ಸೈಕಲ್ಲಿಗೆ ಅಡ್ಡ ನಿಲ್ಲುತ್ತಿದ್ದಾನಂತೆ.

ಎಲ್ಲರಿಗೂ ಹೀಗೆ ಕೂಡಿ ಬಂದಿಲ್ಲ. ಮೂರ್ನಾಲ್ಕು ಮಕ್ಕಳಿಗೆ ಉತ್ತರವೇ ಬರಲಿಲ್ಲ, ಅವರು ಸೋತ ಮುಖ ಮಾಡಿದ್ದಾರೆ. ಆ ಕಡೆಯ ಜೋಡಿ ಬದಲಿಸಿ ಅಂತ ಗೆಳೆಯರಿಗೆ ಫೋನ್ ಮಾಡಿದ್ದೇನೆ.

ಫೆಬ್ರವರಿ, ಈಗ

ಮನೆಯ ಹಿರಿಯರನ್ನು ಮಾತಾಡಿಸಿ ಬರೆಯುವ ಕೆಲಸ ನಡೆಯುತ್ತಿದೆ. 'ನಿಮ್ಮ ಬಾಲ್ಯ ಹೇಗಿತ್ತು?' ಅಂತ ಕೇಳಿದವರಿಗೆ 'ಭಾಳ ಕಷ್ಟ ಇತ್ತು' ಅಂತ ಒಂದೇ ಸಾಲು ಸಿಕ್ಕಿತು. 'ಮೊದಲ ಪಗಾರದಾಗ ಏನ ತಗೊಂಡ್ರಿ?' ಅಂತ ಕೇಳಿದವಳಿಗೆ ಎರಡು ಪುಟ ಸಿಕ್ಕಿತು. ಅವಳ ಅಜ್ಜಿ ಬೆಟಗೇರಿಯಲ್ಲಿ ಮಗ್ಗದ ಕೆಲಸ ಮಾಡಿದವರು. ಮಾರುವುದಕ್ಕೆ ಅಷ್ಟು ಸೀರೆ ನೇಯ್ದರೂ, ತಮಗಾಗಿ ಮೊದಲು ಕೊಂಡದ್ದು ಒಂದು ಜೋಡಿ ಚಪ್ಪಲಿ. ಪ್ರಶ್ನೆ ಚಿಕ್ಕದಿದ್ದಷ್ಟೂ ಉತ್ತರ ಉದ್ದ ಬರುತ್ತದೆ ಅನ್ನೋದು ನನ್ನ ಅನುಭವ.

ಇವನ್ನೆಲ್ಲ ಗೋಡೆ ಪತ್ರಿಕೆ ಮಾಡಿ ಪಂಚಾಯಿತಿ ಹೊರಗೋಡೆಗೆ ಹಚ್ಚಬೇಕು. ರೇಷನ್‌ಗೆ ಬರುವವರು ಅಲ್ಲೇ ಸಾಲು ನಿಲ್ಲುತ್ತಾರೆ, ಹೇಗೂ ಓದುತ್ತಾರೆ. ಹಿಂದಿನ ಸಲದ ಅಕ್ಷರ ತೀರ ಸಣ್ಣದಾಗಿ, ವಯಸ್ಸಾದವರು ಹತ್ತಿರ ಹೋಗಿ ಬಗ್ಗಿ ನೋಡಬೇಕಾಗಿತ್ತು. ಈ ಸಲ ದೊಡ್ಡ ಡ್ರಾಯಿಂಗ್ ಶೀಟ್, ದಪ್ಪ ಸ್ಕೆಚ್ ಪೆನ್. ಮಾರ್ಚ್‌ನಲ್ಲಿ ಪರೀಕ್ಷೆ ಇರುವುದರಿಂದ ಅದಕ್ಕೂ ಮೊದಲೇ ಮುಗಿಸಬೇಕು. ಮಳೆ ಬಿದ್ದರೆ ಶೀಟ್ ಉಳಿಯುವುದು ಹೇಗೆ ಅನ್ನೋದು ಮಾತ್ರ ಇನ್ನೂ ಬಗೆಹರಿದಿಲ್ಲ. ಲ್ಯಾಮಿನೇಶನ್ ಖರ್ಚು ಜಾಸ್ತಿ. ಕಡಿಮೆ ಖರ್ಚಿನ ಉಪಾಯ ಯಾರಿಗಾದರೂ ಗೊತ್ತಿದ್ದರೆ ಹೇಳಿ.