ಇಟಿಡಿ49 ಕೋರ್‌ನಲ್ಲಿ ಒಂದು ಕಿಲೋವ್ಯಾಟ್ ಟ್ರಾನ್ಸ್‌ಫಾರ್ಮರ್

230 ವೋಲ್ಟ್ ಮೇನ್ಸ್ ರೆಕ್ಟಿಫೈ ಮಾಡಿದರೆ ಸಿಗುವುದು 325 ವೋಲ್ಟ್ ಡಿಸಿ. ಅದನ್ನು ಟ್ರಾನ್ಸ್‌ಫಾರ್ಮರ್‌ಗೆ ಕೊಡುವುದು ಫುಲ್‌ಬ್ರಿಜ್ (ದಿಕ್ಕು ಬದಲಿಸುತ್ತ ಕೊಡುವ ನಾಲ್ಕು ಸ್ವಿಚ್‌ಗಳ ಜೋಡಣೆ), 100 ಕಿಲೋಹರ್ಟ್ಸ್, ಔಟ್‌ಪುಟ್ 48 ವೋಲ್ಟ್, 21 ಆಂಪಿಯರ್ ಎಂದಿಟ್ಟುಕೊಳ್ಳಿ. ಎನ್87 ದರ್ಜೆಯ ಫೆರೈಟ್‌ನ (ಕಾಂತೀಯ ಸೆರಾಮಿಕ್) ಇಟಿಡಿ49 ಅಳತೆಯ ಕೋರ್ ಸಾಕು. ಅಡ್ಡಕೊಯ್ತ 211 ಚದರ ಮಿ.ಮೀ. ಹಳೇ ಎಸ್‌ಎಂಪಿಎಸ್‌ನ (ಸ್ವಿಚಿಂಗ್ ಪವರ್ ಸಪ್ಲೈ) ಹಳದಿ ಉಂಗುರ ಮುಟ್ಟಬೇಡಿ, ಅದು ಕಬ್ಬಿಣದ ಪುಡಿ, ಕೆಂಡವಾಗುತ್ತದೆ.

ಈ ಆವರ್ತನದಲ್ಲಿ ಸ್ಯಾಚುರೇಶನ್‌ಗಿಂತ (ಕೋರ್ ಇನ್ನಷ್ಟು ಕಾಂತತ್ವ ಹಿಡಿಯಲಾಗದ ಸ್ಥಿತಿ) ಮೊದಲು ಕಾಡುವುದು ಕೋರ್‌ನ ಶಾಖ. ಅದಕ್ಕೇ 0.15 ಟೆಸ್ಲಾಕ್ಕೆ ನಿಲ್ಲಿಸುವುದು. ವೋಲ್ಟೇಜನ್ನು 4 × ಆವರ್ತನ × ಅಡ್ಡಕೊಯ್ತ (ಚದರ ಮೀಟರ್‌ನಲ್ಲಿ) × ಟೆಸ್ಲಾದಿಂದ ಭಾಗಿಸಿ: 325 ÷ (4 × 1,00,000 × 0.000211 × 0.15) = 25.7, ಅಂದರೆ ಪ್ರೈಮರಿ 26 ಸುತ್ತು. ಸೆಕೆಂಡರಿ 5 ಸುತ್ತು: 62 ವೋಲ್ಟ್, 80% ಡ್ಯೂಟಿಯಲ್ಲಿ (ಸ್ವಿಚ್ ಆನ್ ಇರುವ ಸಮಯದ ಪಾಲು) 50.

100 ಕಿಲೋಹರ್ಟ್ಸ್‌ನಲ್ಲಿ ಕರೆಂಟ್ ತಾಮ್ರದೊಳಗೆ ಇಳಿಯುವುದು ಬರೀ 0.21 ಮಿ.ಮೀ. ದಪ್ಪ ತಂತಿ ದಂಡ. ಪ್ರೈಮರಿಗೆ 0.1 ಮಿ.ಮೀ.ನ 100 ಎಳೆ ಲಿಟ್ಜ್ (ಪ್ರತ್ಯೇಕವಾಗಿ ಇನ್ಸುಲೇಟ್ ಮಾಡಿದ ಎಳೆಗಳನ್ನು ಹೊಸೆದ ತಂತಿ), ಸೆಕೆಂಡರಿಗೆ 25 × 0.2 ಮಿ.ಮೀ. ತಾಮ್ರದ ಹಾಳೆ. ಮೊದಲು 13 ಸುತ್ತು ಪ್ರೈಮರಿ, ನಡುವೆ ಹಾಳೆ, ಮೇಲೆ ಉಳಿದ 13. ಲೀಕೇಜ್ (ಇನ್ನೊಂದು ಸುರುಳಿಗೆ ತಲುಪದ ಕಾಂತಪ್ರವಾಹ) ಗಣನೀಯವಾಗಿ ಇಳಿಯುತ್ತದೆ. ಹಾಳೆಯ ಪ್ರತಿ ಸುತ್ತಿಗೂ ಪಾಲಿಯೆಸ್ಟರ್ ಟೇಪ್, ಪ್ರೈಮರಿ-ಸೆಕೆಂಡರಿ ನಡುವೆ ಮೂರು ಪದರ, ಎರಡೂ ಅಂಚಿನಲ್ಲಿ 3 ಮಿ.ಮೀ. ಖಾಲಿ ಜಾಗ. ಇಲ್ಲಿ ಜಿಪುಣತನ ಜೀವಕ್ಕೇ ಕುತ್ತು.

ಲಿಟ್ಜ್ ತುದಿಯ ಅರ್ಧ ಎಳೆಗಳಿಗೆ ಬೆಸುಗೆ ಹಿಡಿಯದಿದ್ದರೆ ತಂತಿ ಅರ್ಧವೇ.

ಕೋರ್‌ನ ಎರಡು ಅರ್ಧಗಳ ನಡುವೆ ಗ್ಯಾಪ್ ಬೇಡ. ಪ್ರೈಮರಿ ಇಂಡಕ್ಟೆನ್ಸ್ ಸುಮಾರು 2.5 ಮಿಲಿಹೆನ್ರಿ ಬರಬೇಕು. ಅರ್ಧಕ್ಕಿಳಿದರೆ ಕೋರ್ ಮುಖದಲ್ಲಿ ಧೂಳು ಅಥವಾ ಟೇಪಿನ ಚೂರಿದೆ. ಬ್ರಿಜ್‌ನ ಎರಡು ಬದಿ ಸಮವಿರದೆ ಕೋರ್‌ನ ಕಾಂತತ್ವ ಒಂದೆಡೆಗೆ ಸರಿಯದಂತೆ ಪ್ರೈಮರಿಗೆ ಸರಣಿಯಲ್ಲಿ 2.2 ಮೈಕ್ರೋಫ್ಯಾರಡ್ ಪಾಲಿಪ್ರೊಪಿಲೀನ್ ಕೆಪಾಸಿಟರ್ ಹಾಕಿ. ಮೊದಲ ಸಲ ಮೇನ್ಸ್ ಕೊಡುವಾಗ 100 ವ್ಯಾಟ್‌ನ ಹಳೇ ಫಿಲಮೆಂಟ್ ಬಲ್ಬ್ ಸರಣಿಯಲ್ಲಿರಲಿ.