ಆ ಹೆಸರುಗಳನ್ನೆಲ್ಲ ಹೇಗೆ ನೆನಪಿಟ್ಟುಕೊಂಡಿರಿ?

ಮಿನ್ ಜಿನ್ ಲೀ ಅವರ ‘ಪಚಿಂಕೊ’ ಓದಿದ್ದೇನೆ ಎಂದರೆ ಸಾಕು, ಎಲ್ಲರೂ ಕೇಳುವುದು ಇದನ್ನೇ. 2017ರಲ್ಲಿ ಬಂದ ಈ ಕಾದಂಬರಿ 1910ರಿಂದ 1989ರವರೆಗೆ ಒಂದೇ ಕೊರಿಯನ್ ಮನೆತನದ ನಾಲ್ಕು ತಲೆಮಾರುಗಳನ್ನು ಹಿಂಬಾಲಿಸುತ್ತದೆ. ಪ್ರಶ್ನೆ ಸಹಜವೇ.

ಉತ್ತರ: ನೆನಪಿಟ್ಟುಕೊಳ್ಳಲಿಲ್ಲ. ಮೊದಲ ಸಲ ವಿದ್ಯುತ್ ಬಿಲ್ಲಿನ ಹಿಂಬದಿಯಲ್ಲಿ ವಂಶವೃಕ್ಷ ಬರೆದುಕೊಳ್ಳುತ್ತಾ ಓದಿದೆ. ಕಥೆ ಜಪಾನಿನ ಒಸಾಕಾ ನಗರ ಮುಟ್ಟಿದ ಮೇಲೆ ಅದು ಕೈಕೊಟ್ಟಿತು. ಒಬ್ಬೊಬ್ಬರಿಗೆ ಎರಡೆರಡು ಹೆಸರು! ಆ ಗೋಜಲೇ ಕಥೆ ಎಂದು ಹೊಳೆದದ್ದು ಆಮೇಲೆ. 1910ರಲ್ಲಿ ಕೊರಿಯಾವನ್ನು ನುಂಗಿದ್ದ ಜಪಾನ್, 1940ರಲ್ಲಿ ಕೊರಿಯನ್ನರ ಹೆಸರಿಗೂ ಕೈಹಾಕಿತು. ಜಪಾನಿ ಹೆಸರು ಇಟ್ಟುಕೊಳ್ಳಿ ಎಂಬ ಒತ್ತಡ. ಮನೆಯಲ್ಲಿ ನೋವಾ ಆಗಿರುವ ಹುಡುಗ ಶಾಲೆಯಲ್ಲಿ ನೊಬುವೊ. ಅವನು ಕೊನೆಗೆ ಯಾವ ಹೆಸರನ್ನು ಉಳಿಸಿಕೊಳ್ಳುತ್ತಾನೆ ಎಂಬುದನ್ನು ನಾನು ಹೇಳಿ ನಿಮ್ಮ ಓದಿನ ರುಚಿ ಕೆಡಿಸಲಾರೆ.

ಉಳಿದವರು ನನಗೆ ನೆನಪಿರುವುದು ಅವರ ಊಟದಿಂದ, ದುಡಿಮೆಯಿಂದ. ಬುಸಾನಿನ ಪಕ್ಕದ ಯೊಂಗ್ಡೊ ದ್ವೀಪದಲ್ಲಿ ಊಟ-ವಸತಿಯ ಮನೆ ನಡೆಸುವ ಯಾಂಗ್ಜಿನ್, ಮಗಳು ಸುಂಜಾಳ ಮದುವೆಯೂಟಕ್ಕೆಂದು ಅಕ್ಕಿಯಂಗಡಿಗೆ ಹೋಗುತ್ತಾಳೆ. ಬಿಟ್ಟಿ ಕೇಳುವವಳಲ್ಲ, ಕೈಯಲ್ಲಿ ದುಡ್ಡಿದೆ. ಆದರೆ ಬಿಳಿ ಅಕ್ಕಿ ಜಪಾನಿ ಗಿರಾಕಿಗಳಿಗೆ ಮೀಸಲು. ಮದುಮಕ್ಕಳಿಬ್ಬರಿಗೆ ಸಾಕಾಗುವಷ್ಟು ಕೊಟ್ಟರೂ ಆದೀತು ಎಂದು ಅಂಗಲಾಚುತ್ತಾಳೆ. ದೇಶ ಬಿಟ್ಟು ಹೊರಟ ಮಗಳಿಗೆ ತನ್ನೂರಿನ ಅಕ್ಕಿಯ ರುಚಿಯನ್ನಾದರೂ ಕಟ್ಟಿಕೊಡುವ ಆಸೆ. ಯುದ್ಧದ ಪುಟಗಳನ್ನು ಸರಸರನೆ ದಾಟಿದ ನಾನು ಇಲ್ಲಿ ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆ.

ಅದೇ ಸುಂಜಾ ಒಸಾಕಾದಲ್ಲಿ ಗಾಡಿ ಎಳೆದುಕೊಂಡು ಹೋಗಿ ಕಿಮ್ಚಿ ಎಂಬ ಕೊರಿಯನ್ ಉಪ್ಪಿನಕಾಯಿ ಮಾರುತ್ತಾಳೆ. ಅವಳ ಕಿರಿಮಗ ಮೊಜಾಸು ಹಣ ಕಾಣುವುದು ಪಚಿಂಕೊ ಅಂಗಡಿಗಳಲ್ಲಿ. ಪಚಿಂಕೊ ಎಂದರೆ ಉಕ್ಕಿನ ಗುಂಡುಗಳು ಮೊಳೆಗಳ ನಡುವೆ ಉರುಳುವ ಆಟದ ಯಂತ್ರ. ಮರ್ಯಾದಸ್ಥರು ಮೂಗು ಮುರಿಯುವ ದಂಧೆ. ಆದರೆ ಕೊರಿಯನ್ನರಿಗೆ ಬೇರೆ ಬಾಗಿಲುಗಳು ಎಲ್ಲಿ ತೆರೆದಿದ್ದವು?

ಹೆಸರು ಮರೆಯದ ಒಬ್ಬನಿದ್ದಾನೆ: ಮೊಜಾಸುವಿನ ಮಗ ಸೊಲೊಮನ್. ಹುಟ್ಟಿದ್ದು ಜಪಾನಿನಲ್ಲೇ. ಆದರೂ ಪರದೇಶಿ, ಏಕೆಂದರೆ 1952ರಲ್ಲಿ ಅಲ್ಲಿನ ಕೊರಿಯನ್ನರು ಜಪಾನಿನ ಪೌರತ್ವ ಕಳೆದುಕೊಂಡರು. ಹದಿನಾಲ್ಕು ತುಂಬಿದ ದಿನವೇ ಅವನು ಅಪ್ಪನೊಂದಿಗೆ ಸರ್ಕಾರಿ ಕಚೇರಿಗೆ ಹೋಗಿ, ದೇಶದಲ್ಲಿ ಇರಲು ಅನುಮತಿ ಕೇಳಿ, ಬೆರಳಚ್ಚು ಒತ್ತಬೇಕು. ಕೈ ತೊಳೆದರೂ ಮಸಿ ಪೂರ್ತಿ ಹೋಗುವುದಿಲ್ಲ. ಸಂಜೆ ಭರ್ಜರಿ ಹುಟ್ಟುಹಬ್ಬ; ಅತಿಥಿಗಳು ಬರುವ ಹೊತ್ತಾಗಿದೆ.